ಏಳು ಗಂಟೆಯ ಹಾಜರಿ

ಹೊಲಿಗೆ ತರಬೇತಿ ಕೇಂದ್ರದ ಹುಡುಗಿಯರು ತಮ್ಮ ಟೀಚರಿಗೆ ಇಟ್ಟಿದ್ದ ಹೆಸರು ಕಿವಿ ಟೀಚರ್. ಎದುರಿಗೆ ಬರೀ ಟೀಚರ್, ಬೆನ್ನ ಹಿಂದೆ ಕಿವಿ ಟೀಚರ್. ಅದು ಅವರಿಗೂ ಗೊತ್ತಿತ್ತು. ಬೆನ್ನ ಹಿಂದೆ ಆಡಿದ್ದು ಕೇಳಿಸದಿದ್ದರೆ ಅಂಥ ಕಿವಿ ಇದ್ದು ಏನು ಪ್ರಯೋಜನ ಹೇಳಿ! ಮೂವತ್ತೊಂದು ವರ್ಷ ಒಂದೇ ಕೋಣೆಯಲ್ಲಿ, ಕಾಲಲ್ಲಿ ತುಳಿಯುವ ಹನ್ನೆರಡು ಮಷೀನುಗಳ ನಡುವೆ ಕಳೆದ ಜೀವ ಅದು. ಹುಡುಗಿಯರು ಹೊಲಿಯುತ್ತಿದ್ದರೆ ಟೀಚರ್ ಅವರಿಗೆ ಬೆನ್ನು ಹಾಕಿ ಕಿಟಕಿಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಅಲ್ಲಿಂದಲೇ ಶುರು: "ಮೂರನೇ ಮಷೀನು, ದಾರ ಸಡಿಲ. ಎಂಟನೇದು, ಸೂಜಿ ಮೊಂಡಾಗಿದೆ, ಬದಲಾಯಿಸು. ಹತ್ತನೇದು, ಯಾರನ್ನ ನೆನೆಸ್ಕೊಂಡು ನಗ್ತಿದೀಯೇ? ಹೊಲಿಗೆ ಸೊಟ್ಟ ಹೋಗ್ತಿದೆ." ಹತ್ತನೇ ಮಷೀನಿನವಳು ನಿಜವಾಗಿಯೂ ನಗುತ್ತಿದ್ದಳು.

ಹಾಜರಿ ಪುಸ್ತಕದಲ್ಲಿ ಏನೇ ಹೆಸರು ಇರಲಿ, ಟೀಚರ್ ಕರೆಯುತ್ತಿದ್ದುದು ಅವರವರ ಮಷೀನಿನ ಸದ್ದಿಗೆ ತಕ್ಕ ಹೆಸರಿನಿಂದ. ನೆಲ ನಡುಗುವಂತೆ ತುಳಿಯುವವಳು ಗುಡುಗು. ಒಮ್ಮೆ ಹೊರಟರೆ ನಿಲ್ಲಿಸಲು ಬಾರದವಳು ರೈಲು. ನಾಲ್ಕು ಹೊಲಿಗೆ ಹಾಕಿ ನಿಂತು, ಮತ್ತೆ ನಾಲ್ಕು ಹಾಕುವವಳು ಕುಂಟುಕೋಳಿ. ಮೊದಲ ವಾರ ಮುಖ ಊದಿಸಿಕೊಂಡವರೆಲ್ಲ ಎರಡನೇ ತಿಂಗಳ ಹೊತ್ತಿಗೆ ತಮ್ಮತಮ್ಮಲ್ಲೇ ಅದೇ ಹೆಸರಲ್ಲಿ ಕೂಗಿಕೊಳ್ಳುತ್ತಿದ್ದರು.

ಆ ತಂಡದಲ್ಲಿ ಐದನೇ ಮಷೀನಿನವಳು ಸೋನೆ. ಹತ್ತೊಂಬತ್ತರ ಹುಡುಗಿ, ಕಡ್ಡಿಯಂಥ ಮೈ, ಮಾತು ಇಲ್ಲವೆನ್ನುವಷ್ಟು ಕಡಿಮೆ. ಮೊದಲ ದಿನ ಮೂರು ಸೂಜಿ ಮುರಿದಳು. ಬೇರೆಯವರಾಗಿದ್ದರೆ ಅತ್ತುಬಿಡುತ್ತಿದ್ದರು, ಇವಳು ಮುರಿದ ತುಂಡುಗಳನ್ನು ಹೆಕ್ಕಿ ಮೇಜಿನ ಮೇಲೆ ಸಾಲಾಗಿ ಇಟ್ಟು, "ನಾಲ್ಕನೇದು ಕೊಡಿ ಟೀಚರ್," ಎಂದಳು. ಮೂರು ತಿಂಗಳಲ್ಲಿ ಅವಳ ಕಾಲು ಹದಕ್ಕೆ ಬಂತು ನೋಡಿ, ಮಧ್ಯಾಹ್ನ ಹಿಡಿದರೆ ಕತ್ತಲಾಗುವವರೆಗೆ ಒಂದೇ ಸಮ ಬೀಳುವ ಸೋನೆ ಮಳೆಯೇ ಅದು. ಏರಿಲ್ಲ, ಇಳಿವಿಲ್ಲ. ಕಿಟಕಿಯ ಬಳಿ ನಿಂತ ಟೀಚರ್ ಉಳಿದ ಹನ್ನೊಂದನ್ನು ಬದಿಗೆ ಸರಿಸಿ ಅದೊಂದನ್ನೇ ಕೇಳುತ್ತಿದ್ದ ದಿನಗಳೂ ಇದ್ದವು. ಎದುರಿಗೆ ಮಾತ್ರ ಒಂದು ದಿನವೂ ಹೊಗಳಲಿಲ್ಲ. ಹೊಗಳಿದರೆ ಕಾಲು ಸೋಮಾರಿಯಾಗುತ್ತದೆ ಎಂಬುದು ಅವರ ಸಿದ್ಧಾಂತ. ಹೊಗಳುವ ಬದಲು ಇನ್ನಷ್ಟು ಬೈಯುತ್ತಿದ್ದರು.

ಅವರ ಹೊಟ್ಟೆಯೊಳಗೆ ಒಂದು ಆಸೆ ಕೂತಿತ್ತು. ಈ ತಂಡ ಮುಗಿದರೆ ಅವರಿಗೆ ನಿವೃತ್ತಿ. ತಾವು ಎದ್ದ ಕುರ್ಚಿಯಲ್ಲಿ ಸೋನೆ ಕೂರಬೇಕು. ಕೇಂದ್ರದ ವ್ಯವಸ್ಥಾಪಕರ ಹತ್ತಿರ ಹೋಗಿ ಕೇಳಿಯೂ ಬಂದಿದ್ದರು. "ಪ್ರಮಾಣಪತ್ರ ಕೈಗೆ ಬರಲಿ, ಹಾಜರಿ ಪೂರ್ತಿ ಇರಲಿ, ಆಮೇಲೆ ನೋಡೋಣ," ಎಂದಿದ್ದರು ಅವರು. ವ್ಯವಸ್ಥಾಪಕರ "ನೋಡೋಣ" ಎಂಬುದನ್ನು ಟೀಚರ್ "ಆಯ್ತು" ಎಂದೇ ಲೆಕ್ಕ ಹಿಡಿದರು. ಆಸೆ ಇದ್ದವರು ಹಾಗೆಯೇ.

ನಾಲ್ಕನೇ ತಿಂಗಳಲ್ಲಿ ಒಂದು ಭಾನುವಾರ ಕೇಂದ್ರದ ಛಾವಣಿಯ ಒಂದು ಭಾಗ ಕುಸಿದು ಬಿತ್ತು. ಭಾನುವಾರವಾದ್ದರಿಂದ ಎಲ್ಲರೂ ಬದುಕಿಕೊಂಡರು. ಎಂಜಿನಿಯರು ಬಂದು, ಕತ್ತೆತ್ತಿ ಒಂದು ನಿಮಿಷ ನೋಡಿ, ಕಟ್ಟಡಕ್ಕೆ ಬೀಗ ಹಾಕಿಸಿ ಹೋದರು. ಮಷೀನುಗಳನ್ನು ಸಾಮಾನಿನ ಆಟೋಗಳಲ್ಲಿ ಹೇರಿ ಹುಡುಗಿಯರ ಮನೆಗಳಿಗೆ ಕಳಿಸಿದ್ದಾಯಿತು. ಇನ್ನು ಪಾಠ ಫೋನಿನಲ್ಲಿ, ವಿಡಿಯೊ ತರಗತಿ ಎಂದು ವ್ಯವಸ್ಥಾಪಕರು ಆಜ್ಞೆ ಮಾಡಿದರು.

ಟೀಚರಿಗೆ ಆಕಾಶ ತಲೆ ಮೇಲೆ ಬಿದ್ದಂತಾಯಿತು. ಮೊದಲ ದಿನ ಇಪ್ಪತ್ತು ನಿಮಿಷ ರವಿಕೆಗೆ ತೋಳು ಕೂರಿಸುವುದನ್ನು ವಿವರಿಸಿದ ಮೇಲೆ ತಿಳಿದದ್ದು, ಫೋನು ತೋರಿಸುತ್ತಿದ್ದುದು ಗೋಡೆಯ ಗಡಿಯಾರವನ್ನು. ಎರಡನೇ ದಿನ ಮುಖ ಕಂಡಿತು, ಧ್ವನಿ ಹೋಗಲಿಲ್ಲ. ಕಿವಿ ಟೀಚರ್ ಮೂಕ ಟೀಚರ್ ಆದರು ಎಂದು ಗುಡುಗು ನಕ್ಕಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಟೀಚರ್ ಇದ್ದುದು ತಮ್ಮನ ಮನೆಯಲ್ಲಿ. ತಮ್ಮನ ಹೆಂಡತಿ ಅಡುಗೆಮನೆಯಿಂದ ಎರಡು ದೊಡ್ಡ ಡಬ್ಬಿ ತಂದು ಫೋನಿಗೆ ಆನಿಕೆ ಕೊಟ್ಟಳು. "ಅತ್ತಿಗೆ, ಇದನ್ನ ಮುಟ್ಟಬೇಡಿ, ಬರೀ ಮಾತಾಡಿ," ಎಂದಳು. ಮುಟ್ಟದೆ ಹೊಲಿಗೆ ಕಲಿಸುವುದು ಹೇಗೆ ಎಂದು ಟೀಚರ್ ಅವಳ ಮೇಲೆಯೇ ಹರಿಹಾಯ್ದರು.

ಹುಡುಗಿಯರಿಗೂ ಅದು ರುಚಿಸಲಿಲ್ಲ. ಮೊದಲ ದಿನ ಹನ್ನೆರಡು, ವಾರದ ಕೊನೆಗೆ ಒಂಬತ್ತು, ಎರಡನೇ ವಾರ ಐದು. ಟೀಚರ್ ಒಬ್ಬೊಬ್ಬರಿಗೂ ಫೋನು ಮಾಡಿ ಕಿವಿ ಹಿಂಡಲು ಹೊರಟರು. ಕೊನೆಗೆ ತಾವೇ ಸುಮ್ಮನಾಗಿ ಕೇಳುತ್ತ ಕೂರಬೇಕಾಯಿತು. ರೈಲಿನ ಮನೆಯಲ್ಲಿ ಇರುವುದು ಒಂದೇ ಫೋನು, ಅದು ಅಣ್ಣನದು, ಎಂಟಕ್ಕೆ ಅವನ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತದೆ. ಇನ್ನೊಬ್ಬಳ ಮನೆಯಲ್ಲಿ ಫೋನಿದೆ, ಸಿಗ್ನಲ್ಲು ಸಿಗುವುದು ನೀರಿನ ತೊಟ್ಟಿಯ ಮೇಲೆ. ಅಲ್ಲಿಗೆ ಮಷೀನು ಹತ್ತಿಸಲಾದೀತೇ? ಕುಂಟುಕೋಳಿ ಮೆಲ್ಲಗೆ, "ಕ್ಯಾಮೆರಾ ಹಾಕು ಅಂತೀರ ಟೀಚರ್. ನಮ್ಮನೇಲಿ ಇರೋದು ಒಂದೇ ಕೋಣೆ. ಹಿಂದೆ ಅಪ್ಪ ಮಲಗಿರ್ತಾರೆ, ಅಜ್ಜಿ ಬಟ್ಟೆ ಬದಲಾಯಿಸ್ತಿರ್ತಾರೆ. ಎಲ್ಲರಿಗೂ ಕಾಣತ್ತೆ," ಎಂದಳು. ಟೀಚರಿಗೆ ಮೂರು ತಿಂಗಳು ಅವಳನ್ನು ಕುಂಟುಕೋಳಿ ಎಂದು ಕರೆದಾಗಲೂ ಆಗದ ಸಂಕಟ ಅಂದು ಆಯಿತು.

ಆಗ ಹುಟ್ಟಿತು ಅವರ ಹೊಸ ಪದ್ಧತಿ. "ಕ್ಯಾಮೆರಾ ಎಲ್ಲರೂ ಆರಿಸಿ. ನನಗೆ ನಿಮ್ಮ ಮುಖ ಬೇಡ, ಮನೆ ಬೇಡ. ಫೋನನ್ನ ಮಷೀನಿನ ಹಲಗೆ ಮೇಲೆ ಇಡಿ, ಸದ್ದು ಕಳಿಸಿ. ನನ್ನ ಕಿವಿ ಇನ್ನೂ ಸತ್ತಿಲ್ಲ." ತರಗತಿ ಬೆಳಗ್ಗೆ ಏಳಕ್ಕೆ, ಅಣ್ಣಂದಿರು ಫೋನು ಒಯ್ಯುವ ಮೊದಲು. ಹೆಸರು ಕರೆದಾಗ "ಬಂದಿದೀನಿ ಟೀಚರ್" ಎಂಬ ರಾಗ ಬೇಡ; ಹತ್ತು ಸುತ್ತು ತುಳಿದರೆ ಅದೇ ಹಾಜರಿ. ಪ್ರಶ್ನೆ ಕೇಳಿದರೆ ಹೌದಿಗೆ ಒಂದು ತುಳಿತ, ಇಲ್ಲಕ್ಕೆ ಎರಡು. ಹೊಲಿದದ್ದರ ಫೋಟೊ ಮಧ್ಯಾಹ್ನದೊಳಗೆ, ಫೋನು ಕೆಲಸಕ್ಕೆ ಹೋಗುವ ಮನೆಯವರದು ರಾತ್ರಿಯೊಳಗೆ ಬರಬೇಕು. ಇಷ್ಟರ ಮೇಲೆ ಮೂರು ದಿನ ತಪ್ಪಿಸಿದವಳ ಹೆಸರು ಪುಸ್ತಕದಿಂದ ಹೊಡೆದು ಹಾಕಲಾಗುವುದು. "ಯಾರೇ ಆಗಿರಲಿ, ಏನೇ ಆಗಿರಲಿ. ನನ್ನ ಹತ್ರ ಸಬೂಬು ಹೇಳ್ಕೊಂಡು ಬರಬೇಡಿ." ಆ ಗಟ್ಟಿ ಮಾತು ನಿಜವಾಗಿ ಸೋನೆಗೆಂದೇ ಆಡಿದ್ದು. ಅವಳ ಹಾಜರಿಯಲ್ಲಿ ಒಂದು ತೂತೂ ಬೀಳಬಾರದು ಎಂಬ ಕಳಕಳಿ. ಕಳಕಳಿಯನ್ನು ಬೈಗುಳದಲ್ಲಿ ಸುತ್ತಿ ಕೊಡುವುದು ಅವರ ಹುಟ್ಟುಗುಣ.

ಅದೇ ಹೊತ್ತಿಗೆ ವ್ಯವಸ್ಥಾಪಕರಿಂದ ಒಂದು ಪತ್ರ ಬಂತು. ಎರಡು ತಿಂಗಳು ನೋಡುತ್ತೇವೆ, ಹಾಜರಿ ಅರ್ಧಕ್ಕಿಂತ ಕಡಿಮೆಯಾದರೆ ತರಗತಿ ನಿಲ್ಲಿಸಿ ಮಷೀನು ವಾಪಸು ತರಿಸುತ್ತೇವೆ. ಜೊತೆಗೆ ಒಂದು ನಮೂನೆ: ವಿದ್ಯಾರ್ಥಿನಿಯರು ವಿಡಿಯೊ ತರಗತಿಯನ್ನು ಒಪ್ಪಿಕೊಂಡಿದ್ದಾರೆಯೇ, ಕಾರಣಗಳನ್ನು ವಿವರಿಸಿ. ಟೀಚರ್ ಪತ್ರವನ್ನು ಹುಡುಗಿಯರಿಗೆ ಓದಿ ಹೇಳಿದರು. ಹಾಜರಿ ಏಳಕ್ಕೆ ಏರಿತು, ಎಂಟಕ್ಕೆ ಏರಿತು, ಮತ್ತೆ ಆರಕ್ಕೆ ಇಳಿಯಿತು. ಸೋನೆ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಫೋನಿನ ತರಗತಿಯ ಎರಡನೇ ತಿಂಗಳ ಶುರುವಿನಲ್ಲಿ ಸೋನೆಯ ಸದ್ದು ಕೆಟ್ಟಿತು. ಹೆಸರು ಕರೆದರೆ ಒಂದು ಗಳಿಗೆ ತಡ, ಆಮೇಲೆ ಕಡಕ್ ಎಂದು ಚಕ್ರ ಹಿಂದಕ್ಕೆ ತಿರುಗಿದ ಸದ್ದು. ಹಿಂದಕ್ಕೆ! ಮೊದಲ ವಾರದ ಮಕ್ಕಳು ಮಾಡುವ ತಪ್ಪು. ಫೋನಿನ ದೋಷ ಇರಬಹುದು, ಆಟೋದಲ್ಲಿ ಕುಲುಕಿ ಬೆಲ್ಟು ಸಡಿಲವಾಗಿರಬಹುದು ಎಂದು ಟೀಚರ್ ಒಂದು ವಾರ ಹೊಟ್ಟೆಗೆ ಹಾಕಿಕೊಂಡರು. ಬರಬೇಕಿದ್ದ ಕಾಲರಿನ ಫೋಟೊ ಬರಲಿಲ್ಲ. ಹುಡುಗಿಯ ಮನಸ್ಸು ಬೇರೆ ಕಡೆ ಹೋಗಿದೆ, ಯಾವನೋ ಹಿಂದೆ ಬಿದ್ದಿರಬೇಕು ಎಂದು ಲೆಕ್ಕ ಹಾಕಿದರು. ಹತ್ತನೆಯ ಬೆಳಗ್ಗೆ ಹೆಸರು ಕರೆದಾಗ ಅರ್ಧ ನಿಮಿಷ ಸದ್ದೇ ಇಲ್ಲ. ಆಮೇಲೆ ಎರಡು ತುಳಿತ, ನಿಂತಿತು, ಮತ್ತೊಂದು. ಟೀಚರಿನ ತಾಳ್ಮೆ ಹರಿದು ಹೋಯಿತು.

"ಏನೇ ಸೋನೆ, ಜೀವ ಇಲ್ಲದೋರ ಹಾಗೆ ತುಳೀತಿದೀಯ? ಕಲಿತಿದ್ದೆಲ್ಲ ತೊಳ್ಕೊಂಡು ಕುಡಿದ್ಯಾ? ನಿನಗೆ ಇನ್ನು ಬಟ್ಟೆ ಇಲ್ಲ. ಒಂದನೇ ದಿನದಿಂದ ಶುರು ಮಾಡು. ಗೆರೆ ಇರೋ ಕಾಗದ ತಗೋ, ದಾರ ಹಾಕದೆ ಗೆರೆ ಮೇಲೆ ಹೊಲಿ. ದಿನಕ್ಕೆ ಇಪ್ಪತ್ತು ಗೆರೆ. ಫೋಟೊ ಕಳಿಸು."

ಉಳಿದ ಹುಡುಗಿಯರು ಪಿಟಕ್ಕೆನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸೋನೆಯ ಮಷೀನಿನಿಂದ ಒಂದು ತುಳಿತ ಬಂತು. ಹೌದು ಎಂದು.

ಅಂದು ಮಧ್ಯಾಹ್ನ ಇಪ್ಪತ್ತು ಗೆರೆಯ ಫೋಟೊ ಬಂತು. ಸೂಜಿಯ ತೂತುಗಳು ಗೆರೆ ಬಿಟ್ಟು ಕಾಡಿನ ದಾರಿ ಹಿಡಿದಿದ್ದವು. ಟೀಚರ್ ಮರುದಿನ ಮತ್ತೆ ಬೈದರು. "ಹಿಮ್ಮಡಿ ಎತ್ತಬೇಡ. ಎರಡೂ ಪಾದ ಪೂರ್ತಿ ಊರು. ಮೊದಲು ಕೈಯಿಂದ ಚಕ್ರ ನಿನ್ನ ಕಡೆಗೆ ತಿರುಗಿಸು, ಆಮೇಲೆ ಕಾಲು." ಒಂದು ತುಳಿತ. ಮಧ್ಯಾಹ್ನ ಇನ್ನಿಪ್ಪತ್ತು ಗೆರೆ. ಹೀಗೆ ದಿನಾ. ಎರಡನೇ ವಾರದಲ್ಲಿ ತೂತುಗಳು ಗೆರೆಗೆ ಬಂದವು. ನಾಲ್ಕನೇ ವಾರದಲ್ಲಿ ಚೌಕ ಹೊಲಿದು ಕಳಿಸಿದಳು, ಮೂಲೆಗಳು ಚೂಪಾಗಿದ್ದವು. ಆರನೇ ವಾರ ಒಂದು ಬೆಳಗ್ಗೆ ಹೆಸರು ಕರೆದರು. ಹತ್ತು ಸುತ್ತು ಒಂದೇ ಸಮ, ಸೋನೆ ಮಳೆಯಂತೆ ಬಂತು. ಟೀಚರ್ ಕಣ್ಣು ಮುಚ್ಚಿ ಕೇಳಿದರು. ಮೂವತ್ತೊಂದು ವರ್ಷದ ಸಿದ್ಧಾಂತವನ್ನು ಗಾಳಿಗೆ ತೂರಿ, "ಭೇಷ್! ಈಗ ನಿನ್ನ ಕಾಲು ನಿನಗೆ ವಾಪಸು ಸಿಕ್ತು ಕಣೇ," ಎಂದರು. ಆ ಕಡೆಯಿಂದ ಸದ್ದು ಬರಲಿಲ್ಲ. ನಾಚಿಕೊಂಡಿದ್ದಾಳೆ ಎಂದುಕೊಂಡರು.

ಇನ್ನೊಂದು ಸೋಜಿಗವೂ ಆಗಿತ್ತು. ಆ ಆರು ವಾರವೂ ಹಾಜರಿ ಹನ್ನೆರಡಕ್ಕೆ ಹನ್ನೆರಡು. ನೀರಿನ ತೊಟ್ಟಿಯವಳೂ ಯಾರದೋ ಮನೆಯ ಪಡಸಾಲೆಗೆ ಮಷೀನು ಸಾಗಿಸಿಕೊಂಡು ಬರುತ್ತಿದ್ದಳು. ಜ್ವರ ಬಂದವಳು ಕೆಮ್ಮುತ್ತ ಬರುತ್ತಿದ್ದಳು. ಟೀಚರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಮೂನೆ ತುಂಬುವಾಗ ದುಂಡಗೆ ಬರೆದರು: ವಿದ್ಯಾರ್ಥಿನಿಯರು ವಿಡಿಯೊ ತರಗತಿಯನ್ನು ಪೂರ್ಣವಾಗಿ ಒಪ್ಪಿಕೊಂಡಿದ್ದಾರೆ. ಕಾರಣ, ಮನೆಯನ್ನು ತೋರಿಸಬೇಕಾದ ಮುಜುಗರ ತಪ್ಪಿದ್ದು, ಬೆಳಗಿನ ವೇಳೆ, ಮತ್ತು ಶಿಕ್ಷಕಿ ರೂಪಿಸಿದ ಸದ್ದಿನ ಪದ್ಧತಿ. "ಶಿಕ್ಷಕಿ ರೂಪಿಸಿದ" ಎಂಬುದನ್ನು ಮೊದಲು ಬಿಟ್ಟಿದ್ದರು, ಆಮೇಲೆ ಸಣ್ಣಕ್ಷರದಲ್ಲಿ ಸೇರಿಸಿದರು. ವ್ಯವಸ್ಥಾಪಕರು ಖುಷಿಯಾಗಿ, ಪ್ರಮಾಣಪತ್ರಕ್ಕೆ ಕಾಯದೆ ಶಿಕ್ಷಕಿ ಹುದ್ದೆಯ ಅರ್ಜಿ ಕೊಟ್ಟು, ಸೋನೆಯ ಸಹಿ ಹಾಕಿಸಿಕೊಂಡು ಬನ್ನಿ ಎಂದರು.

ಅರ್ಜಿಯನ್ನು ಫೋನಿನಲ್ಲಿ ಕಳಿಸಬಹುದಿತ್ತು. ಟೀಚರಿಗೆ ಅವಳ ಮುಖ ನೋಡಬೇಕಿತ್ತು. ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಹಳೆಯ ವಿಳಾಸ ಹಿಡಿದು ಹೊರಟರು. ಮುದ್ರಣಾಲಯದ ಹಿಂದಿನ ಓಣಿ, ಒಣಗಲು ಹಾಕಿದ ಬಟ್ಟೆಗಳ ಕೆಳಗೆ ತಲೆ ತಗ್ಗಿಸಿ ನಡೆಯಬೇಕು. ಹೊರಗಿನಿಂದ ಮೇಲಕ್ಕೆ ಕಬ್ಬಿಣದ ಮೆಟ್ಟಿಲು. ಮೆಟ್ಟಿಲ ಬುಡದಲ್ಲಿ ನಿಂತಾಗಲೇ ಮೇಲಿನಿಂದ ಮಷೀನಿನ ಸದ್ದು ಕೇಳಿಸಿತು, ಒಂದೇ ಸಮ. ಅವರ ಮುಖ ಅರಳಿತು. "ಭಾನುವಾರನೂ ಬಿಡಲ್ವಲ್ಲೇ ನೀನು," ಎಂದು ಗಟ್ಟಿಯಾಗಿ ಹೇಳುತ್ತಲೇ ಹತ್ತಿದರು.

ಬಾಗಿಲು ತೆರೆದಿತ್ತು. ಐದನೇ ನಂಬರಿನ ಮಷೀನು ಬಾಗಿಲ ಪಕ್ಕದಲ್ಲೇ ಇತ್ತು. ಅದರ ಮುಂದೆ ಕೂತಿದ್ದವಳು ಐವತ್ತರ ಹತ್ತಿರದ ಹೆಂಗಸು. ಇಸ್ತ್ರಿ ಅಂಗಡಿಯಲ್ಲಿ ದುಡಿದು ಬೆರಳ ತುದಿಯೆಲ್ಲ ಸುಟ್ಟು ಗಟ್ಟಿಯಾದ ಕೈ. ಪಕ್ಕದಲ್ಲಿ ಗೆರೆ ಕಾಗದದ ಕಟ್ಟು. ಧ್ವನಿ ಕೇಳಿ ಅವಳು ಗಡಬಡಿಸಿ ಎದ್ದು, ತಪ್ಪು ಮಾಡಿದ ಹುಡುಗಿಯ ಹಾಗೆ ಕೈಕಟ್ಟಿ ನಿಂತಳು.

"ಟೀಚರ್," ಎಂದಳು.

ಟೀಚರ್ ಮಷೀನು ನೋಡಿದರು, ಕಾಗದ ನೋಡಿದರು, ಅವಳ ಪಾದ ನೋಡಿದರು. ಕಣ್ಣು ಕೆಂಪಾಯಿತು. "ಅಂದ್ರೆ ತುಳೀತಿದ್ದಿದ್ದು ನೀವಾ? ಎಷ್ಟು ದಿನದಿಂದ ನಡೀತಿದೆ ಈ ನಾಟಕ? ಎಲ್ಲಿ ಅವಳು? ಯಾವುದಾದ್ರೂ ಕೆಲಸಕ್ಕೆ ಸೇರಿದ್ಲಾ? ಅಮ್ಮನ್ನ ಕೂರಿಸಿ ಹಾಜರಿ ಹಾಕಿಸ್ಕೊಂಡು ತಾನು ಊರು ಸುತ್ತುತಿದಾಳಾ? ನಾನಿಲ್ಲಿ ಅವಳಿಗೋಸ್ಕರ ಕಂಡೋರ ಕಾಲು ಹಿಡ್ದು ಕುರ್ಚಿ ಕಾಯ್ಕೊಂಡು ಕೂತಿದೀನಿ! ಬರಲಿ ಅವಳು, ಕಪಾಳಕ್ಕೆ ಎರಡು ಬಿಡ್ತೀನಿ. ಕರೀರಿ ಅವಳನ್ನ."

ತಾಯಿ ತಡೆಯಲಿಲ್ಲ. ಪೂರ್ತಿ ಬೈಯಲು ಬಿಟ್ಟಳು. ಮುಗಿದ ಮೇಲೆ, "ಕೂತ್ಕೊಳ್ಳಿ ಟೀಚರ್," ಎಂದು ಮಷೀನಿನ ಮುಂದಿನ ಸ್ಟೂಲನ್ನೇ ಸರಿಸಿಕೊಟ್ಟಳು. ಮನೆಯಲ್ಲಿ ಬೇರೆ ಆಸನ ಇರಲಿಲ್ಲ.

"ಹೋಗ್ಬಿಟ್ಲು ಟೀಚರ್. ಆರು ವಾರದ ಮೇಲಾಯ್ತು. ಕಾಮಾಲೆ ಅಂದ್ರು, ಆಮೇಲೆ ಲಿವರಿಗೆ ಇಳಿದಿದೆ ಅಂದ್ರು. ಒಂಬತ್ತು ದಿನ ಆಸ್ಪತ್ರೇಲಿ ಇದ್ಲು."

ಟೀಚರ್ ಸ್ಟೂಲಿನ ಮೇಲೆ ಕೂತರು. ತಾಯಿ ನೆಲದ ಮೇಲೆ ಕೂತು ನಿಧಾನವಾಗಿ ಹೇಳಿದಳು. ವಾರ್ಡಿನಲ್ಲಿ ಬೆಳಗಿನ ಹೊತ್ತು ಯಾರನ್ನೂ ಬಿಡುತ್ತಿರಲಿಲ್ಲ. ಮೊದಲ ದಿನವೇ ಹುಡುಗಿ ಗೋಗರೆದಿದ್ದಳು: ಅಮ್ಮಾ, ಮೂರು ದಿನ ತಪ್ಪಿದ್ರೆ ಹೆಸರು ಹೊಡೀತಾರೆ, ಏಳಕ್ಕೆ ಮನೇಲಿರು, ಫೋನಲ್ಲಿ ಹಸಿರು ಗುಂಡಿ ಒತ್ತು, ನನ್ನ ಹೆಸರು ಕರೆದಾಗ ಹತ್ತು ಸುತ್ತು ತುಳಿ, ಮಾತಾಡಬೇಡ, ನಾನು ಬಂದು ಎಲ್ಲ ಸರಿ ಮಾಡ್ತೀನಿ. ಅದಕ್ಕೆ ಮುಂಚೆ ತಾಯಿ ಆ ಮಷೀನನ್ನು ಮುಟ್ಟಿರಲಿಲ್ಲ.

"ಹತ್ತನೇ ದಿನ ಏಳು ಗಂಟೆಗೆ," ಎಂದು ಟೀಚರ್ ಕೇಳಹೊರಟು ನಿಲ್ಲಿಸಿದರು. ಅವರಿಗೆ ತಾವು ಅಂದು ಆಡಿದ್ದು ಅಕ್ಷರಕ್ಕೆ ಅಕ್ಷರ ನೆನಪಿಗೆ ಬಂದಿತ್ತು.

"ಹಿಂದಿನ ದಿನ ಮಧ್ಯಾಹ್ನ ಹೋಗಿದ್ಲು," ಎಂದಳು ತಾಯಿ. "ಬೆಳಗ್ಗೆ ಕೈ ತಾನಾಗೇ ಗುಂಡಿ ಒತ್ತಿಬಿಡ್ತು. ನೀವು ಅವಳ ಹೆಸರು ಕರೆದ್ರಿ. ನನಗೆ ಏನು ಮಾಡಬೇಕೋ ಗೊತ್ತಾಗಲಿಲ್ಲ. ತುಳಿದೆ."

ಟೀಚರ್ ಅವಳ ಎರಡೂ ಕೈ ಹಿಡಿದುಕೊಂಡು, "ತಾಯಿ, ನನ್ನ ನಾಲಿಗೆ ಸೀದು ಹೋಗಬೇಕಿತ್ತು," ಎಂದರು. "ಜೀವ ಇಲ್ಲದೋರು ಅಂದೆನಲ್ಲ. ಅವಳನ್ನ, ಅಂಥ ದಿನ..." ಐದಾರು ದಶಕಗಳಲ್ಲಿ ಅವರು ಬೇರೆಯವರ ಎದುರಿಗೆ ಅತ್ತದ್ದು ಅದೇ ಮೊದಲು. ಅಳು ಬರದವರಿಗೆ ಅಳು ಬಂದರೆ ನೋಡಲಾಗದು.

"ಅಯ್ಯೋ, ಹಾಗನ್ನಬೇಡಿ," ಎಂದು ತಾಯಿ ಅವರನ್ನೇ ಸಮಾಧಾನ ಮಾಡಿದಳು. "ಇಲ್ಲಿ ಬಂದೋರೆಲ್ಲ ಅವಳ ಬಗ್ಗೆ ಒಳ್ಳೇದೇ ಹೇಳ್ತಾರೆ. ಎಂಥ ಮಗು, ಎಂಥ ಗುಣ ಅಂತ. ಕೇಳೋಕಾಗಲ್ಲ ಟೀಚರ್. ಬೈತಿದ್ದಿದ್ದು ನೀವೊಬ್ರೇ. ಬದುಕಿರೋರನ್ನ ತಾನೇ ಬೈಯೋದು? ದಿನಾ ಬೆಳಗ್ಗೆ ಏಳರಿಂದ ಎಂಟರ ತನಕ ಅವಳು ಇರ್ತಿದ್ಲು. ಹಿಮ್ಮಡಿ ಊರು ಅಂತಿದ್ರಿ, ನಾನು ಊರ್ತಿದ್ದೆ. ನೀವು ಅವಳಿಗೆ ಹೇಳ್ಕೊಟ್ಟಿದ್ದನ್ನೆಲ್ಲ ನಾನು ಕಲೀಬೇಕು ಅನ್ನಿಸ್ತು. ಮೊನ್ನೆ ಭೇಷ್ ಅಂದ್ರಲ್ಲ, ಅವತ್ತು ಒಬ್ಳೇ ಕೂತು ನಕ್ಕೆ."

ಆಮೇಲೆ ಬೇಜಾರು ಮಾಡಿಕೊಳ್ಳಬೇಡಿ ಎಂಬಂಥ ದನಿಯಲ್ಲಿ ಹೇಳಿದಳು: "ನೀವು ಬರಬಾರದಿತ್ತು ಟೀಚರ್. ಲೋಕದಲ್ಲಿ ನಿಮ್ಮೊಬ್ರಿಗೆ ಮಾತ್ರ ಅವಳು ಇದ್ಲು. ಈಗ ನಿಮಗೂ ಇಲ್ಲ."

ಅರ್ಜಿಯನ್ನು ಟೀಚರ್ ಚೀಲದಿಂದ ತೆಗೆಯಲೇ ಇಲ್ಲ. ಮೆಟ್ಟಿಲ ತುದಿಯಲ್ಲಿ ತಿರುಗಿ ನಿಂತು, "ನಾಳೆನೂ ಕರೀತೀನಿ. ಪರೀಕ್ಷೆ ತನಕ ಕರೀತೀನಿ. ಬೈತೀನಿ," ಎಂದರು. ಟೀಚರ್ ಮನೆಗೆ ಹೋಗಿ ಆ ದಿನ ಊಟ ಮಾಡಲಿಲ್ಲ. ತಮ್ಮನ ಹೆಂಡತಿ ಏನಾಯ್ತು ಅತ್ತಿಗೆ ಎಂದು ಎರಡು ಸಲ ಕೇಳಿ, ಮೂರನೇ ಸಲ ಕೇಳದೆ ಪಕ್ಕದಲ್ಲಿ ಕೂತಳು.

ಸೋಮವಾರ ಏಳು ಗಂಟೆಗೆ ಫೋನಿನಲ್ಲಿ ಹನ್ನೆರಡು ಕಪ್ಪು ಚೌಕ ಇದ್ದವು. ಟೀಚರ್ ಹಾಜರಿ ಪುಸ್ತಕ ತೆರೆದು ಒಂದನೆಯವಳಿಂದ ಶುರು ಮಾಡಿದರು. ಕುಂಟುಕೋಳಿ ತುಳಿದಳು. ರೈಲು ತುಳಿದಳು. ನಾಲ್ಕು ಹೆಸರು ಮುಗಿದವು. ಐದನೆಯ ಸಾಲಿನ ಮೇಲೆ ಬೆರಳು ನಿಂತಿತು. ಕೊನೆಗೆ ಗುಡುಗಿನ ದನಿ ಬಂತು, ಅವಳಿಗೆ ಒಗ್ಗದಷ್ಟು ಮೆತ್ತಗೆ.

"ಟೀಚರ್, ಮುಂದಿನದು ಸೋನೆ."

"ಗೊತ್ತು ಕಣೇ."

"ಕರೀರಿ ಟೀಚರ್. ಅವರಮ್ಮ ಕಾಯ್ತಿರ್ತಾರೆ."

ಟೀಚರ್ ಫೋನಿನ ಹತ್ತಿರ ಬಾಗಿದರು. "ನಿಮಗೆ ಗೊತ್ತಾ?"

"ಮೊದಲ ದಿನದಿಂದ ಗೊತ್ತು," ಎಂದಳು ರೈಲು. ಅವಳ ಮನೆ ಸೋನೆಯ ಮನೆಯಿಂದ ಎರಡು ಓಣಿ ಆಚೆ. "ಅವಳು ತೀರ್ಕೊಂಡ ದಿನ ನಾನು ಹೋಗಿದ್ದೆ ಟೀಚರ್, ಬಂದು ಇವರಿಗೆಲ್ಲ ಹೇಳಿದೆ. ಮಾರನೇ ದಿನ ನೀವು ಬೈದ್ರಿ, ಅವರು ತುಳಿದ್ರು. ಹೇಳೋಣ ಅಂತ ಮಧ್ಯಾಹ್ನ ಅವರ ಹತ್ರ ಹೋದ್ರೆ, ಗೆರೆ ಹೊಲೀತಾ ಕೂತಿದ್ರು. ಟೀಚರಿಗೆ ಹೇಳಬೇಡ್ರೇ ಅಂತ ಕೈ ಮುಗಿದ್ರು."

"ಅರ್ಧಕ್ಕಿಂತ ಕಡಿಮೆ ಆದ್ರೆ ಕ್ಲಾಸು ನಿಲ್ಲಿಸ್ತಾರೆ ಅಂತ ಓದಿ ಹೇಳಿದ್ರಲ್ಲ ನೀವು," ಎಂದಳು ಗುಡುಗು. "ನಿಂತುಹೋದ್ರೆ ಅವಳ ಹೆಸರು ಯಾರು ಕರೀತಾರೆ? ಅದಕ್ಕೇ ಎಲ್ಲರೂ ಬರ್ತಿದ್ದಿದ್ದು. ಪಾಠಕ್ಕಲ್ಲ ಟೀಚರ್. ತಪ್ಪು ತಿಳ್ಕೋಬೇಡಿ."

ಟೀಚರ್ ತಪ್ಪು ತಿಳಿಯಲಿಲ್ಲ. ಸಣ್ಣಕ್ಷರದಲ್ಲಿ ಸೇರಿಸಿದ್ದ ತಮ್ಮ ಎರಡು ಪದ ನೆನೆದು ಅವರಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಮೂವತ್ತೊಂದು ವರ್ಷ ದಾರದ ಬಿಗಿ, ಸೂಜಿಯ ಮೊಂಡು ಎಲ್ಲ ಕೇಳಿಸಿಕೊಂಡ ಕಿವಿಗೆ ಹನ್ನೊಂದು ಮಕ್ಕಳು ಆರು ವಾರ ಉಸಿರು ಬಿಗಿಹಿಡಿದು ಕೂತದ್ದು ಕೇಳಿಸಲಿಲ್ಲ. ಒಬ್ಬ ತಾಯಿಯ ಕಾಲು ಕೇಳಿಸಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿದರು.

"ಸೋನೆ," ಎಂದು ಕರೆದರು.

ಐದನೇ ಚೌಕದಿಂದ ಓಣಿಯ ಸದ್ದು ಬರುತ್ತಿತ್ತು. ಯಾವುದೋ ಸೈಕಲ್ಲಿನ ಗಂಟೆ, ದೂರದಲ್ಲಿ ಯಾರೋ ಬಿಂದಿಗೆ ಇಟ್ಟದ್ದು. ಪೆಡಲು ಅಲುಗಲಿಲ್ಲ.

"ಸೋನೆ," ಎಂದರು ಮತ್ತೆ. ಕಾದರು. ಆಮೇಲೆ, ಮಾತು ಕೊಟ್ಟಿದ್ದರಲ್ಲ, ಇದ್ದ ಶಕ್ತಿಯನ್ನೆಲ್ಲ ಕೂಡಿಸಿಕೊಂಡು ಶುರು ಮಾಡಿದರು. "ಏನೇ, ಕಿವಿ ಕೇಳ್ಸಲ್ವಾ? ಬಿಸಿಲು ಮೇಲೆ ಬಂದಿದೆ, ಇನ್ನೂ ನಿದ್ದೆನಾ ನಿಂದು? ಹೊಗಳಿದ ಮಾರನೇ ವಾರಕ್ಕೇ ಸೋಮಾರಿ ಆದ್ಯಾ? ಕಾಲಿಡು ಪೆಡಲ ಮೇಲೆ. ಇಡು ಅಂದೆ! ಹಿಮ್ಮಡಿ ಊರು. ಚಕ್ರ ನಿನ್ನ ಕಡೆಗೆ ತಿರುಗಿಸು. ನಾನು ಕಾಯ್ತಿದೀನಿ, ತುಳಿ. ತುಳಿಯೇ..."

ಅಡುಗೆಮನೆಯಿಂದ ತಮ್ಮನ ಹೆಂಡತಿ ಓಡಿಬಂದು ಬಾಗಿಲಲ್ಲಿ ನಿಂತಳು. ಫೋನಿನಲ್ಲಿ ಯಾರೋ ಬಾಯಿ ಮುಚ್ಚಿಕೊಂಡು ಅಳುತ್ತಿದ್ದರು, ಕುಂಟುಕೋಳಿ ಇರಬೇಕು. ಟೀಚರ್ ಪುಸ್ತಕದ ಮೇಲೆ ಬೆರಳಿಟ್ಟುಕೊಂಡೇ ಕಾದರು. ತುಂಬ ಹೊತ್ತಾಯಿತು. ಆಗ ಐದನೇ ಚೌಕದಿಂದ, ಅಷ್ಟು ದಿನಗಳಲ್ಲಿ ಮೊದಲ ಸಲ, ಒಂದು ದನಿ ಬಂತು.

"ಅವಳು ಇಲ್ಲ ಟೀಚರ್," ಎಂದಳು ತಾಯಿ. "ಬರ್ಕೊಳ್ಳಿ."